ಅಡ್ಡಗಟ್ಟಿದ ಹಾದಿ: ನೈಜೀರಿಯದ ಸಣ್ಣಕಥೆಗಳಲ್ಲಿ ಕುಟುಂಬ, ಒಂಟಿತನ ಮತ್ತು ಅಲೌಕಿಕ

ಅಲೌಕಿಕವಾದುದು ಕಥೆಯಲ್ಲಿ ಕಾಣಿಸಿಕೊಂಡೊಡನೆ ಓದುಗನು ಎರಡು ಬಗೆಯಲ್ಲಿ ದಾರಿ ತಪ್ಪುವ ಸಂಭವವುಂಟು. ಅದನ್ನು ಮೂಢನಂಬಿಕೆಯ ಅವಶೇಷವೆಂದು ಬದಿಗೊತ್ತುವುದು ಒಂದು. ಬೆರಗು ಹುಟ್ಟಿಸುವ ಅಲಂಕಾರವೆಂದು ಮೆಚ್ಚಿ ಅಲ್ಲಿಗೇ ನಿಲ್ಲುವುದು ಇನ್ನೊಂದು. ನೈಜೀರಿಯದ ಇಂಗ್ಲಿಷ್ ಕಥಾಸಾಹಿತ್ಯಕ್ಕೆ ಈ ಎರಡು ಅನ್ಯಾಯಗಳೂ ಸಂದಿವೆ. 1952ರಲ್ಲಿ ಏಮಸ್ ಟುಟುವೊಲ ಅವರ ‘ದಿ ಪಾಮ್ ವೈನ್ ಡ್ರಿಂಕರ್ಡ್’ ಹೊರಬಂದಾಗ ಪಶ್ಚಿಮದ ಓದುಗರು ಅದರ ವೈಚಿತ್ರ್ಯವನ್ನು ಕೊಂಡಾಡಿದರು. ಸ್ವದೇಶದ ವಿದ್ಯಾವಂತರಲ್ಲಿ ಹಲವರು ನಾಚಿಕೊಂಡರು. ಆ ಕೃತಿಯ ನಾಯಕನು ಸತ್ತವರ ಊರಿಗೆ ಹೊರಡುವುದು ತನ್ನನ್ನು ಅಗಲಿಹೋದ ಒಬ್ಬನನ್ನು ಹುಡುಕಿಕೊಂಡು ಎಂಬುದರತ್ತ ಇಬ್ಬರ ಗಮನವೂ ಅಷ್ಟಾಗಿ ಹರಿಯಲಿಲ್ಲ. ಅಗಲಿಕೆ ಮೊದಲು, ಅದ್ಭುತ ಆಮೇಲೆ ಎಂಬ ಈ ಕ್ರಮವೇ ನೈಜೀರಿಯದ ಹಲವು ಉತ್ತಮ ಸಣ್ಣಕಥೆಗಳಿಗೆ ಕೀಲಿಕೈಯಾಗಿದೆ.

ಚಿನುವ ಅಚೆಬೆಯವರು 1953ರಲ್ಲಿ ಪ್ರಕಟಿಸಿದ ‘ಡೆಡ್ ಮೆನ್ಸ್ ಪಾತ್’, ಎಂದರೆ ‘ಸತ್ತವರ ಹಾದಿ’, ಕೆಲವೇ ಪುಟಗಳ ಕಥೆ. 1949ರ ಜನವರಿಯಲ್ಲಿ ಹಳ್ಳಿಯ ಶಾಲೆಯೊಂದಕ್ಕೆ ಮುಖ್ಯೋಪಾಧ್ಯಾಯನಾಗಿ ಬಂದ ಮೈಕೇಲ್ ಓಬಿ ಎಂಬ ಉತ್ಸಾಹಿ ತರುಣನು ಶಾಲೆಯ ಆವರಣವನ್ನು ಹಾಯ್ದು ಹೋಗುವ ಕಾಲುಹಾದಿಯನ್ನು ಮುಳ್ಳುತಂತಿಯಿಂದ ಮುಚ್ಚಿಸುತ್ತಾನೆ. ಊರ ಗುಡಿಯನ್ನೂ ಶ್ಮಶಾನವನ್ನೂ ಕೂಡಿಸುವ ಹಾದಿ ಅದು. ಅರ್ಚಕನು ಬಂದು ತಿಳಿಯಹೇಳುತ್ತಾನೆ: ತೀರಿಕೊಂಡವರು ಹೊರಡುವುದು, ಹಿರಿಯರು ತಮ್ಮವರನ್ನು ನೋಡಲು ಬರುವುದು, ಎಲ್ಲಕ್ಕೂ ಮಿಗಿಲಾಗಿ ಹುಟ್ಟಲಿರುವ ಕೂಸುಗಳು ಬರುವುದು ಇದೇ ಹಾದಿಯಿಂದ. ಓಬಿ ಒಪ್ಪುವುದಿಲ್ಲ. ಎರಡು ದಿನಗಳಲ್ಲಿ ಊರಿನ ಹೆಂಗಸೊಬ್ಬಳು ಹೆರಿಗೆಯಲ್ಲಿ ಸಾಯುತ್ತಾಳೆ. ಮರುದಿನ ಬೆಳಗಾಗುವಷ್ಟರಲ್ಲಿ ಶಾಲೆಯ ಬೇಲಿ, ಹೂದೋಟಗಳು ಹಾಳಾಗಿ ಒಂದು ಕಟ್ಟಡವೂ ಉರುಳಿರುತ್ತದೆ. ಆ ಸಾವಿಗೂ ಬೇಲಿಗೂ ಸಂಬಂಧವುಂಟೆ? ಕಥೆಗಾರರು ಹೇಳುವುದಿಲ್ಲ, ಆ ಮೌನದಲ್ಲಿಯೇ ಕಥೆಯ ಜೀವವಿದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕುಟುಂಬವೆಂಬುದು ನಾಲ್ಕು ಗೋಡೆಗಳ ನಡುವೆ ಬದುಕಿರುವವರಷ್ಟೇ ಅಲ್ಲ; ಸತ್ತವರೂ ಇನ್ನೂ ಹುಟ್ಟದವರೂ ಅದರ ಸದಸ್ಯರು. ಮತ್ತೆ ಮತ್ತೆ ಹುಟ್ಟಿ ಸಾಯುವ ಮಗುವನ್ನು ಇಗ್ಬೊ ಜನರು ‘ಒಗ್ಬಾಂಜೆ’ ಎಂದೂ ಯೊರುಬಾ ಜನರು ‘ಅಬಿಕು’ ಎಂದೂ ಕರೆಯುತ್ತಾರೆ. ಅಚೆಬೆಯವರ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ನಲ್ಲಿ ಎಕ್ವೆಫಿಯು ಹೆತ್ತ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳು ಸಾಯುತ್ತವೆ, ಆ ಕೂಸುಗಳಿಗೆ ಇಟ್ಟ ಹೆಸರುಗಳಲ್ಲಿ ಕೆಲವು ಸಾವಿಗೆ ಸಲ್ಲಿಸಿದ ಮೊರೆಗಳೇ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸಿಗೆ ತಿಪ್ಪಯ್ಯ, ಗುಂಡಪ್ಪ ಎಂದು ಹೆಸರಿಟ್ಟು ಮೃತ್ಯುವಿನ ಕಣ್ಣು ತಪ್ಪಿಸಲೆಳಸಿದ ಕನ್ನಡ ನಾಡಿನ ತಾಯಂದಿರನ್ನು ಬಲ್ಲವರಿಗೆ ಇದು ಪರಕೀಯವೆನಿಸದು. ತಾಯಿಯ ಸಂಕಟಕ್ಕೆ ಊರೆಲ್ಲ ಸೇರಿ ಕೊಟ್ಟ ಒಂದು ಆಕಾರವೇ ಅಬಿಕು. ದುಃಖವು ಅಷ್ಟರಮಟ್ಟಿಗೆ ಹಂಚಿಹೋಗುತ್ತದೆ.

ಹಂಚಿಕೊಳ್ಳಬೇಕಾದ ಊರೇ ಒಡೆದಾಗ ಏನಾಗುತ್ತದೆ? ಬೆನ್ ಓಕ್ರಿಯವರ 1986ರ ಸಂಕಲನ ‘ಇನ್ಸಿಡೆಂಟ್ಸ್ ಅಟ್ ದಿ ಶ್ರೈನ್’ನಲ್ಲಿರುವ ‘ಲಾಫ್ಟರ್ ಬಿನೀತ್ ದಿ ಬ್ರಿಜ್’ 1967ರಿಂದ 1970ರವರೆಗೆ ನಡೆದ ಅಂತರ್ಯುದ್ಧದ ಕಾಲದ ಕಥೆ. ಹುಡುಗನೊಬ್ಬನ ಕಣ್ಣಿಗೆ ಎಲ್ಲವೂ ಕಾಣುತ್ತದೆ. ಮೋನಿಕಾ ಎಂಬ ಹುಡುಗಿಯ ಅಣ್ಣನು ಕೊಲೆಯಾಗಿದ್ದಾನೆ. ಸೇತುವೆಯ ಕೆಳಗೆ ಹೆಣಗಳು ಕೊಳೆಯುತ್ತಿವೆ. ಪಿತೃಗಳನ್ನು ಬದುಕಿರುವವರ ನಡುವೆ ಬರಮಾಡಿಕೊಳ್ಳುವ ‘ಎಗುಂಗುನ್’ ಮುಖವಾಡದ ಕುಣಿತವು ಇಲ್ಲಿ ಸೈನಿಕರ ಬಂದೂಕಿನ ಮುಂದೆ ನಿಲ್ಲಬೇಕಾಗುತ್ತದೆ. ಹಿರಿಯರ ಮುಖವಾಡವೂ ಹುಡುಗಿಯನ್ನು ಕಾಯಲಾರದು. ಹಾದಿಯನ್ನು ಮೊದಲು ಮುಚ್ಚಿದುದು ಶಾಲೆ. ಎರಡನೆಯ ಸಲ ಮುಚ್ಚಿದುದು ಯುದ್ಧ.

ಮೂರನೆಯ ಸಲ ಅದು ಮನೆಯೊಳಗೇ ಮುಚ್ಚಿತು. ಇಂಗ್ಲೆಂಡಿನಲ್ಲಿ ಹುಟ್ಟಿ, ನೈಜೀರಿಯವೇ ಮೊದಲಾದ ಕಡೆ ಬೆಳೆದು, ಅಮೆರಿಕದಲ್ಲಿ ನೆಲೆಸಿದ ಲೆಸ್ಲಿ ನೆಕಾ ಅರಿಮಾ ಅವರ ‘ಹೂ ವಿಲ್ ಗ್ರೀಟ್ ಯು ಅಟ್ ಹೋಮ್’ 2015ರಲ್ಲಿ ಪ್ರಕಟವಾಯಿತು. ಆ ಕಥೆಯ ಲೋಕದಲ್ಲಿ ಹೆಂಗಸರು ಕೈಗೆ ಸಿಕ್ಕ ವಸ್ತುವಿನಿಂದ ಕೂಸನ್ನು ಮಾಡಿಕೊಳ್ಳುತ್ತಾರೆ. ತಾಯಿಯ ಹರಕೆಯಿಂದ ಅದಕ್ಕೆ ಜೀವ ಬರುತ್ತದೆ. ತಾಯಿಯೊಡನೆ ಮುನಿದು ಮನೆ ಬಿಟ್ಟ ಬಡ ಹುಡುಗಿ ಒಗೇಚಿಗೆ ಹರಸುವವರಿಲ್ಲ. ಕೆಲಸಕ್ಕಿಟ್ಟುಕೊಂಡ ಕೇಶಾಲಂಕಾರದ ಅಂಗಡಿಯ ಒಡತಿಯು ಹರಸುತ್ತಾಳೆ. ಅದರ ಬೆಲೆಯಾಗಿ ಒಗೇಚಿಯ ಸಂತೋಷದ ಒಂದು ಪಾಲನ್ನು ಕಸಿದುಕೊಳ್ಳುತ್ತಾಳೆ. ನೂಲಿನ ಕೂಸು ಮೊಳೆಗೆ ಸಿಕ್ಕಿ ಬಿಚ್ಚಿಹೋಗುತ್ತದೆ. ನಿಷಿದ್ಧವಾದ ಕೂದಲಿನಿಂದ ಮಾಡಿದ ಕೂಸು ತಣಿಯದ ಹಸಿವಾಗಿ ಬೆಳೆಯುತ್ತದೆ. ಕೊನೆಗೆ ಅವಳೇ ಅದನ್ನು ಸುಡಬೇಕಾಗುತ್ತದೆ.

ಇದು ಪರಂಪರೆಯಿಂದ ಕಳಚಿಕೊಂಡ ಕೇವಲ ಕಲ್ಪನಾವಿಲಾಸವೆಂಬ ಆಕ್ಷೇಪಕ್ಕೆ ಅವಕಾಶವುಂಟು. ಆದರೆ ಹಿರಿಯರ ಹರಕೆಯಿಲ್ಲದೆ ಕೂಸಿಲ್ಲವೆಂಬ ತತ್ತ್ವವು ಅಚೆಬೆಯವರ ಅರ್ಚಕನ ಮಾತಿಗೆ ದೂರವಾದುದಲ್ಲ. ವ್ಯತ್ಯಾಸವಿರುವುದು ಒಂಟಿತನದಲ್ಲಿ. ಅಚೆಬೆಯವರ ಕಥೆಯಲ್ಲಿ ಗುಡಿಯುಂಟು, ಅರ್ಚಕನುಂಟು, ಊರುಂಟು; ಒಂಟಿಯಾದವನು ಓಬಿ ಮಾತ್ರ, ಅದೂ ತನಗೆ ತಿಳಿಯದೆ. ಒಗೇಚಿಗೆ ಇವಾವುವೂ ಇಲ್ಲ. ಪುಕ್ಕಟೆಯಾಗಿ ಬರಬೇಕಾದ ಹರಕೆಗೂ ಅವಳು ಬೆಲೆ ತೆರಬೇಕು. ಕಳೆದುಕೊಂಡುದು ಏನೆಂದು ತಿಳಿದೇ ಕಳೆದುಕೊಂಡ ಒಂಟಿತನ ಅವಳದು.

ಇದೇ ಲೇಖಕಿಯ 2017ರ ಸಂಕಲನ ‘ವಾಟ್ ಇಟ್ ಮೀನ್ಸ್ ವೆನ್ ಎ ಮ್ಯಾನ್ ಫಾಲ್ಸ್ ಫ್ರಂ ದಿ ಸ್ಕೈ’ನಲ್ಲಿ ಎಲ್ಲ ಕಥೆಗಳೂ ಈ ಮಟ್ಟದಲ್ಲಿಲ್ಲ. ಪರರ ಶೋಕವನ್ನು ಗಣಿತಜ್ಞರು ಸೂತ್ರದಿಂದ ಹೀರಿಕೊಳ್ಳುವ ಶೀರ್ಷಿಕೆಯ ಕಥೆಯಲ್ಲಿ ಕಲ್ಪನೆಯ ಏರ್ಪಾಡು ಶೋಕವನ್ನು ಮೀರಿ ನಿಲ್ಲುತ್ತದೆ ಎನ್ನದೆ ವಿಧಿಯಿಲ್ಲ. ಅದಕ್ಕಿಂತ ಸರಳವಾದ ‘ಸೆಕೆಂಡ್ ಚಾನ್ಸಸ್’ ಹೆಚ್ಚು ಕಾಡುತ್ತದೆ. ಹಲವು ವರ್ಷಗಳ ಹಿಂದೆ ತೀರಿಕೊಂಡ ತಾಯಿ ಭಾವಚಿತ್ರದಿಂದ ಇಳಿದು ಮನೆಯಲ್ಲಿ ಓಡಾಡುತ್ತಾಳೆ. ಜಗಳದಲ್ಲಿ ಅಗಲಿದ್ದ ಮಗಳಿಗೆ ಕ್ಷಮೆ ಕೇಳುವ ಅವಕಾಶ ಒದಗಿ ಬಂದಿದೆ. ಆದರೂ ಆ ಒಂದು ಮಾತು ಸುಲಭವಾಗಿ ಹೊರಡುವುದಿಲ್ಲ. ಭಯಪಡಿಸಲು ಬಂದ ಪ್ರೇತವಲ್ಲ ಇದು. ಸತ್ತವರು ಬರಲು ಸಿದ್ಧರಿದ್ದಾರೆ. ಬಾಗಿಲು ತೆರೆಯಬೇಕಾದವರು ಬದುಕಿರುವವರು.

ಅರವತ್ತಕ್ಕೂ ಹೆಚ್ಚು ವರ್ಷಗಳ ಅಂತರದಲ್ಲಿ ಅಚೆಬೆಯವರ ಹಾದಿ ಊರಿನ ನಡುವಿನಿಂದ ಒಂದು ಮನೆಯ ಹೊಸ್ತಿಲಿಗೆ ಕಿರಿದಾಗಿದೆ. ಬೇಲಿಯ ತಂತಿಯನ್ನು ಊರವರು ಒಂದೇ ರಾತ್ರಿಯಲ್ಲಿ ಕಿತ್ತೊಗೆಯಬಲ್ಲರು. ತಾಯಿ ಮಗಳ ನಡುವಿನ ಮೌನವನ್ನು ಕೀಳಲು ಊರಿನ ಕೈ ಸಾಲದು.