ಕಲ್ಲುಗೋಡೆ ಮತ್ತು ಹುಲ್ಲುಮಾಡು: ಕೆಮ್ಮಣ್ಣುಗುಂಡಿ ಪರಿಸರದ ಜನಪದ ವಾಸ್ತು

ಜನಪದ ವಾಸ್ತುವನ್ನು ಕುರಿತ ವಿವರಣೆಗಳು ಸಾಮಾನ್ಯವಾಗಿ ಗೋಡೆಯಿಂದ ಆರಂಭವಾಗುತ್ತವೆ. ಕಲ್ಲು ಉಳಿಯುತ್ತದೆ, ಹುಲ್ಲು ಕೊಳೆಯುತ್ತದೆ. ಆದುದರಿಂದ ಕಲ್ಲನ್ನು ಪರಂಪರೆಯೆಂದೂ ಹುಲ್ಲನ್ನು ಬಡತನದ ಗುರುತೆಂದೂ ಭಾವಿಸುವ ರೂಢಿ ಬೆಳೆದಿದೆ. ಕೆಮ್ಮಣ್ಣುಗುಂಡಿಯಂಥ ಮಳೆಯ ಸೀಮೆಯಲ್ಲಿ ಈ ವಿಂಗಡಣೆ ನಿಲ್ಲುವುದಿಲ್ಲ.

ಬಾಬಾಬುಡನ್ ಶ್ರೇಣಿಯಲ್ಲಿ ಸುಮಾರು 1,434 ಮೀಟರ್ ಎತ್ತರದಲ್ಲಿರುವ ಈ ನೆಲೆಯ ಹೆಸರೇ ಅದರ ಮಣ್ಣನ್ನು ಸೂಚಿಸುತ್ತದೆ. ಇಲ್ಲಿನ ಕಬ್ಬಿಣದ ಅದಿರು ಭದ್ರಾವತಿಯ ಕಾರ್ಖಾನೆಗೆ ಸಾಗುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ಬಿಡಾರವಾಗಿಯೂ ಇದು ಹೆಸರಾಯಿತು. ಗಣಿಗೂ ಅರಮನೆಯ ಬಿಡಾರಕ್ಕೂ ದೊರೆತ ಗಮನ ಮಲೆನಾಡಿನ ಹುಲ್ಲುಮನೆಗೆ ದೊರೆತಿಲ್ಲ.

ಈ ಬಗೆಯ ಮನೆಯಲ್ಲಿ ಕಾಡುಗಲ್ಲುಗಳ ನಡುವೆ ಕಲಸಿದ ಮಣ್ಣನ್ನು ತುಂಬಿ ಗೋಡೆ ಎಬ್ಬಿಸುತ್ತಾರೆ. ಮಳೆಯ ನೇರ ಹೊಡೆತಕ್ಕೆ ಆ ಮಣ್ಣು ತೊಳೆದುಹೋದರೆ ಕಲ್ಲು ಸಡಿಲಗೊಳ್ಳುತ್ತದೆ. ಅದನ್ನು ತಡೆಯುವುದು ಗೋಡೆಯಿಂದಾಚೆಗೆ ಚಾಚಿ ಕೆಳಗಿಳಿದ ಸೂರು. ಮಾಡಿನ ಕಡಿದಾದ ಇಳಿಜಾರು ನೀರನ್ನು ಒಳಗಿಳಿಯಗೊಡದೆ ಜಾರಿಸುತ್ತದೆ. ಒಲೆಯ ಹೊಗೆ ಹೊದಿಕೆಯನ್ನು ಒಣಗಿಸಿ ಹುಳುಗಳಿಂದ ಕಾಯುತ್ತದೆ. ಹೀಗೆ ಕಲ್ಲಿನ ಆಯುಷ್ಯ ಹುಲ್ಲನ್ನು ಅವಲಂಬಿಸಿದೆ.

ಹೊದಿಕೆಯ ಸಾಮಗ್ರಿಯೂ ನೆಲವನ್ನು ಅನುಸರಿಸುತ್ತದೆ: ಅಡಿಕೆ ತೋಟಗಳಿರುವಲ್ಲಿ ಸೋಗೆ, ಹುಲ್ಲುಗಾವಲಿನ ಬೆಟ್ಟಗಳಲ್ಲಿ ಕರಡ. ಮಳೆಗಾಲಕ್ಕೆ ಮುನ್ನ ಅದನ್ನು ಹೊಸದಾಗಿಸುವ ಕೆಲಸ ಒಂದು ಮನೆಯವರಿಂದ ಆಗುವಂಥದಲ್ಲ. ಅದಕ್ಕೆ ನೆರೆಹೊರೆಯ ಮುಯ್ಯಾಳು ಬೇಕು. ಆದ್ದರಿಂದ ಮಾಡು ಒಂದು ಸಾಮಾಜಿಕ ಒಪ್ಪಂದವೂ ಹೌದು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹೆಂಚು ಕ್ರಮೇಣ ಘಟ್ಟ ಹತ್ತಿತು. ಬೆಂಕಿಯ ಭಯ ಮತ್ತು ವರ್ಷವರ್ಷದ ದುಡಿಮೆಯಿಂದ ಬಿಡುಗಡೆ ಬಯಸಿದವರನ್ನು ಇದಕ್ಕಾಗಿ ಆಕ್ಷೇಪಿಸುವುದು ಸಲ್ಲದು. ಆದರೆ ಹೆಂಚಿನೊಂದಿಗೆ ಮುಯ್ಯಿಯ ಒಂದು ಸಂದರ್ಭವೂ ಹೊದಿಸುವವರ ಕೈಚಳಕವೂ ಹಿಂದೆ ಸರಿದುದನ್ನು ಅಧ್ಯಯನಕಾರರು ಗುರುತಿಸಬೇಕು.

ಪ್ರಾಚೀನ ಸ್ಮಾರಕಗಳನ್ನು ಕುರಿತ 1958ರ ಕೇಂದ್ರ ಕಾಯಿದೆ ಕನಿಷ್ಠ 100 ವರ್ಷಗಳ ಅಸ್ತಿತ್ವವನ್ನು ಕೇಳುತ್ತದೆ. ಗೋಡೆಗೆ ನೂರು ವರ್ಷವಾಗಿ ಮಾಡಿಗೆ ಒಂದೇ ವರ್ಷವಾಗಿರುವ ಮನೆಯ ವಯಸ್ಸು ಎಷ್ಟು? ಸ್ಕಾಟ್ಲೆಂಡಿನ ಅಲೋವೆಯಲ್ಲಿ ಕವಿ ರಾಬರ್ಟ್ ಬರ್ನ್ಸ್‌ನ ತಂದೆ 1757ರಲ್ಲಿ ಕಟ್ಟಿದ ಹುಲ್ಲುಮನೆ ಇದಕ್ಕೆ ಉತ್ತರ ಸೂಚಿಸುತ್ತದೆ. ಹುಲ್ಲು ಬದಲಾದರೂ ಅದು ಕವಿಯ ಜನ್ಮಗೃಹವೆಂದೇ ರಕ್ಷಿತವಾಗಿದೆ. ಅಲ್ಲಿ ಮುಂದುವರಿದಿರುವುದು ವಸ್ತುವಿಗಿಂತ ಮಿಗಿಲಾಗಿ ಹೊದಿಸುವ ವಿದ್ಯೆ.

ಜನಪದ ವಾಸ್ತುವಿನ ದಾಖಲಾತಿ ಗೋಡೆಯ ಅಳತೆಗೆ ನಿಲ್ಲದೆ, ಹುಲ್ಲು ಕೊಯ್ಯುವ ಕಾಲ, ಕಟ್ಟುವ ಬಳ್ಳಿ, ಗಂಟಿನ ಕ್ರಮ, ಮುಯ್ಯಿಯ ಲೆಕ್ಕ ಇವುಗಳನ್ನೂ ಒಳಗೊಳ್ಳಬೇಕು. ಗೋಡೆಯನ್ನು ಮುಂದೆಯೂ ಅಳೆಯಬಹುದು. ಹೊದಿಸಬಲ್ಲ ಹಿರಿಯರು ಇರುವಾಗಲೇ ಈ ವಿದ್ಯೆಯನ್ನು ದಾಖಲಿಸಬೇಕಾಗಿದೆ.