ದೋಣಿಯಿಂದ ಕಂಡ ಮೆಣಸು

ಕಡಲ ವ್ಯಾಪಾರದ ಚರಿತ್ರೆ ಬರೆಯುವವರು ಬಹುಪಾಲು ಬಂದರಿನಲ್ಲೇ ನಿಂತಿರುತ್ತಾರೆ. ಹೊನ್ನಾವರ, ಬಸರೂರು, ಮಂಗಳೂರು; ಅದರಾಚೆ ನೀರು. ಘಟ್ಟದ ಮೇಲಿನ, ಸೊರಬ ಸೀಮೆಯ ಕ್ಯಾಸನೂರಿನ ಕಡೆಯಿಂದ ಓದುವವರಿಗೆ ಏಳುವ ಪ್ರಶ್ನೆ ಬೇರೆ: ಹಡಗಿಗೆ ತುಂಬಿದ ಮೆಣಸು ಎಲ್ಲಿಯದು? ಪಿಯೆತ್ರೊ ದೆಲ್ಲ ವಾಲೆಯ ಪತ್ರಗಳನ್ನು ನಾನು ಆಸೆಯಿಂದ ಹಿಡಿದದ್ದು ಇದಕ್ಕೇ. ರೋಮಿನ ಈ ಶ್ರೀಮಂತ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದು, ದೋಣಿಯಲ್ಲಿ ಗೇರುಸೊಪ್ಪೆ ಮುಟ್ಟಿ, ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೋದ. ಸರಕು ಇಳಿಯುತ್ತಿದ್ದ ದಾರಿಯಲ್ಲೇ ಏರಿ ಬಂದವನು.

ಕಣ್ಣು ಬಲು ಚುರುಕು. ಘಟ್ಟದ ಗುಡಿಯೊಂದರಲ್ಲಿ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಲ್ಲಿ ಅಂಕಿ ಬರೆಯುತ್ತ, ರಾಗವಾಗಿ ಲೆಕ್ಕ ಹೇಳಿಕೊಳ್ಳುವುದನ್ನು ನಿಂತು ನೋಡುತ್ತಾನೆ. ನನ್ನ ಮಟ್ಟಿಗೆ ಇಡೀ ಪ್ರವಾಸದ ಒಳ್ಳೆಯ ಪುಟ ಅದೇ.

ಗೇರುಸೊಪ್ಪೆಗೆ ಬಂದಾಗ ಮಾತ್ರ ಅದೇ ಕಣ್ಣು ಮಂಕಾಗುತ್ತದೆ. ಪಾಳುಬಿದ್ದ ರಾಜಧಾನಿಯನ್ನು ನೋಡುತ್ತಾನೆ. ಅಲ್ಲಿನ ರಾಣಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎನ್ನುತ್ತಿದ್ದರೆಂದು ಅವನೇ ಬರೆಯುತ್ತಾನೆ. ಆದರೆ ರಾಜ್ಯ ಹೋದದ್ದೇಕೆ? ಕೊನೆಯ ರಾಣಿ ಎಲ್ಲಿಂದಲೋ ಬಂದ ಸಾಮಾನ್ಯನೊಬ್ಬನಿಗೆ ಮರುಳಾದಳಂತೆ! ಘಟ್ಟದ ಮೇಲೆ ಇಕ್ಕೇರಿ, ಕಡಲಲ್ಲಿ ಪೋರ್ಚುಗೀಸರು. ಇಬ್ಬರಿಗೂ ಬೇಕಾದದ್ದು ಅವಳ ಕಣಜ. ಇಷ್ಟು ಕಣ್ಣೆದುರಿಗೇ ಇದ್ದರೂ ಹೆಣ್ಣಿನ ಮೋಹದ ಕತೆಯೇ ಅವನಿಗೆ ಸಾಕಾಯಿತು. ಗೆದ್ದವರ ಕಡೆಯವರು ಹೇಳಿದ್ದನ್ನು ಬರೆದುಕೊಂಡಿರಬೇಕು.

ಮೆಣಸು ಬಳ್ಳಿಯಿಂದ ಕೈಗೆ ಬರುವ ಬಗೆಯ ಮೇಲೆ ಅವನ ಲಕ್ಷ್ಯವಿಲ್ಲ. ನೇಪಲ್ಸಿನ ಗೆಳೆಯನಿಗೆ ಬರೆದ ಕಾಗದದಲ್ಲಿ ಕೊಯ್ಲಿನ ಲೆಕ್ಕ ಕೇಳುವುದು ಅನ್ಯಾಯ ಎನ್ನಬಹುದು. ಆದರೆ ತೀರಿಕೊಂಡ ಹೆಂಡತಿ ಮಾಆನಿಯ ದೇಹವನ್ನು ಪರ್ಷಿಯಾದಿಂದ ರೋಮಿನವರೆಗೆ ಸಾಗಿಸಿದವನು ಇವನು; ಒಂದು ಹೊರೆಯ ಕಷ್ಟ ಇವನಿಗೆ ತಿಳಿಯದ್ದೇ?

ಅವನು ಬಿಟ್ಟದ್ದು ಸಿಗುವುದು ಬೇರೆ ಬಗೆಯ ಕಾಗದದಲ್ಲಿ. ಸೊರಬದ ಕಾನು ಎಂಬ ಕಾಡುಗಳ ಬಗ್ಗೆ 1868ರಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಕೊಟ್ಟ ವರದಿ ಓದಲು ಹೊಟ್ಟು. ಕಂದಾಯದ ಭಾಷೆ, ಆದಾಯದ ದೃಷ್ಟಿ. ಆದರೂ ಮೆಣಸಿನ ಬಳ್ಳಿ ಹಬ್ಬಿದ, ಬೈನೆ ಬೆಳೆದ ಆ ಹಸಿರು ತುಂಡುಗಳಿಗೆ ಊರವರೊಡನೆ ಇದ್ದ ನಂಟು ಅಲ್ಲಿ ಸಿಗುತ್ತದೆ, ಪತ್ರಗಳಲ್ಲಿ ಸಿಗುವುದಿಲ್ಲ. ಅಂಥ ಕಾನುಗಳ ಸೀಮೆಯ ಕ್ಯಾಸನೂರನ್ನು ಲೋಕ ಗುರುತಿಸಿದ್ದು 1957ರ ಮಂಗನ ಕಾಯಿಲೆಯಿಂದ. ಮೆಣಸಿನ ಮೂಟೆಯ ಮೇಲೆ ಊರಿನ ಹೆಸರು ಬರೆಯುವವರಿರಲಿಲ್ಲ.