ಹಕ್ಕು ಮತ್ತು ಅಧಿಕಾರ: ಒಂದು ಶಬ್ದವಿಮರ್ಶೆ

ಶಾಸ್ತ್ರವಿಷಯಗಳನ್ನು ಬರೆಯುವಾಗ 'ಹಕ್ಕು' ಎಂಬ ಅರಬ್ಬೀ ಮೂಲದ ಮಾತನ್ನು ಬಿಟ್ಟು 'ಅಧಿಕಾರ'ವೆಂದೇ ಹೇಳಬೇಕೆಂಬ ಅಭಿಪ್ರಾಯವು ಕೆಲವು ಪಂಡಿತರಲ್ಲಿ ಉಂಟು. ಭಾರತ ಸಂವಿಧಾನದ ಹಿಂದೀ ಪಾಠವು 'ಮೂಲ ಅಧಿಕಾರ'ವೆನ್ನುತ್ತದೆ. ಕನ್ನಡವಾದರೋ 'ಮೂಲಭೂತ ಹಕ್ಕುಗಳು' ಎಂದಿತು. ಇದು ಕೇವಲ ರುಚಿಭೇದವಲ್ಲ, ಅರ್ಥಭೇದ.

ಅಧಿಕಾರವೆಂಬುದು ಮೀಮಾಂಸೆಯ ಪರಿಭಾಷೆ. ಜೈಮಿನಿಸೂತ್ರದ ಆರನೆಯ ಅಧ್ಯಾಯವೆಲ್ಲವೂ ಇದರ ವಿಚಾರವೇ. ಫಲಾಪೇಕ್ಷೆ, ಸಾಮರ್ಥ್ಯ, ವಿದ್ಯೆ ಇವುಗಳುಳ್ಳವನಾಗಿ, ನಿಷೇಧಕ್ಕೆ ಒಳಗಾಗದವನೇ ಕರ್ಮಾಧಿಕಾರಿ. ಸರ್ವರಿಗೂ ಅಧಿಕಾರವುಂಟೆಂದು ಬಾದರಿಯು ವಾದಿಸಿದನು. ಜೈಮಿನಿಯು ಅದನ್ನು ಒಪ್ಪಲಿಲ್ಲ. ಆದುದರಿಂದ ಅಧಿಕಾರವು ಯೋಗ್ಯತೆಯನ್ನು ನೋಡಿ ಬರತಕ್ಕದ್ದು. ಯೋಗ್ಯತೆಯನ್ನು ನಿರ್ಣಯಿಸುವವನು ಬೇರೊಬ್ಬನು. ಬಳಕೆಯ ಕನ್ನಡದಲ್ಲಂತೂ ಆ ಶಬ್ದವು ಕಚೇರಿಯ ಪೀಠವನ್ನೇರಿ 'ಅಧಿಕಾರಿ'ಯಾಗಿದೆ.

ಹಕ್ಕೆಂಬುದಕ್ಕೆ ಮೂಲದಲ್ಲಿ ಸತ್ಯ, ನ್ಯಾಯ, ಸಲ್ಲತಕ್ಕದ್ದು ಎಂಬ ಅರ್ಥಗಳಿವೆ. ಇದಕ್ಕೆ 'ಸಹಜ'ವೆಂಬ ವಿಶೇಷಣವು ಸೇರಿದರೆ ಅರ್ಥವು ಪೂರ್ಣವಾಗುತ್ತದೆ. ಸಹಜವೆಂದರೆ ಜೊತೆಯಲ್ಲಿಯೇ ಹುಟ್ಟಿದ್ದು. ಕರ್ಣನ ಕವಚಕುಂಡಲಗಳು ಸಹಜವಾದವು. ಯಾವ ಅರಸನೂ ಕೊಟ್ಟವಲ್ಲ. ಅವು ಬೇಕಾದಾಗ ದೇವೇಂದ್ರನೂ ಯಾಚಕನಾಗಿ ಬರಬೇಕಾಯಿತು.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವು ಈ ಶಬ್ದಗಳಿಗೆ ರಕ್ತದಲ್ಲಿ ಬರೆದ ಭಾಷ್ಯ. 1938ನೆಯ ಏಪ್ರಿಲ್ 25ರಂದು ನಿಷೇಧಾಜ್ಞೆಯನ್ನು ಲೆಕ್ಕಿಸದೆ ಧ್ವಜವನ್ನು ಹಿಡಿದು ನೆರೆದ ಜನರ ಮೇಲೆ ಗುಂಡು ಹಾರಿತು. ಮೃತರು ಹತ್ತು ಮಂದಿಯೆಂದು ಸರ್ಕಾರವೆಂದಿತು. ಜನರ ಲೆಕ್ಕವು ಮೂವತ್ತನ್ನು ದಾಟಿತು. ಮರುತಿಂಗಳು ವಲ್ಲಭಭಾಯಿ ಪಟೇಲರಿಗೂ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಒಪ್ಪಂದವಾಗಿ, ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ ಧ್ವಜವನ್ನು ಹಾರಿಸಲು ಅನುಮತಿಯು ದೊರೆಯಿತು. ಆಜ್ಞೆಯೇ ಹಕ್ಕನ್ನು ಹುಟ್ಟಿಸುವುದಾದರೆ, ಮೇ ತಿಂಗಳಲ್ಲಿ ಹುಟ್ಟಿದ ಹಕ್ಕು ಏಪ್ರಿಲಿನಲ್ಲಿ ಸತ್ತವರಿಗೆ ಇರಲಿಲ್ಲವೆನ್ನಬೇಕು. ಆ ಮಾತನ್ನು ಯಾವ ಸಹೃದಯನು ಒಪ್ಪಿಯಾನು? ಅಂದು ಗುಂಡಿನ ಕಡೆ ಅಧಿಕಾರವಿದ್ದಿತು, ಎದೆಯ ಕಡೆ ಹಕ್ಕಿದ್ದಿತು. ಎರಡಕ್ಕೂ ಒಂದೇ ಶಬ್ದವನ್ನಿಟ್ಟರೆ ಕೊಂದವರನ್ನೂ ಸತ್ತವರನ್ನೂ ಬೇರ್ಪಡಿಸುವ ಮಾತೇ ಭಾಷೆಯಲ್ಲಿ ಉಳಿಯದು.

ಇಂಥ ಹಕ್ಕುಗಳು ಬರಿಯ ಪ್ರಲಾಪವೆಂದು ಆಂಗ್ಲ ದಾರ್ಶನಿಕ ಬೆಂಥಾಮನು ಹಾಸ್ಯಮಾಡಿದನು. ಕಾನೂನಿಲ್ಲದೆ ಹಕ್ಕಿಲ್ಲವೆಂಬುದು ಅವನ ಮತ. ಆ ಮತದ ಫಲವು 1976ರಲ್ಲಿ ಕಾಣಿಸಿತು. ತುರ್ತುಪರಿಸ್ಥಿತಿಯಲ್ಲಿ ಬಂಧಿತನು ತನ್ನ ಬಿಡುಗಡೆಗಾಗಿ ನ್ಯಾಯಾಲಯವನ್ನು ಬೇಡಲಾರನೆಂದು ಸರ್ವೋಚ್ಚ ನ್ಯಾಯಾಲಯದ ಬಹುಮತವು ತೀರ್ಪಿತ್ತಿತು, ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನರಾದರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠವು ಆ ತೀರ್ಪನ್ನು ತಳ್ಳಿಹಾಕಿತು. ಪ್ರಾಣವೂ ಸ್ವಾತಂತ್ರ್ಯವೂ ರಾಜ್ಯವು ದಯಪಾಲಿಸಿದವುಗಳಲ್ಲವೆಂಬ ತತ್ತ್ವವು ಅಲ್ಲಿ ಸ್ಥಿರಪಟ್ಟಿತು.

ನಮ್ಮ ಪರಂಪರೆಯು ಕರ್ತವ್ಯವನ್ನು ಬೋಧಿಸಿತೇ ಹೊರತು ಹಕ್ಕನ್ನಲ್ಲವೆಂಬ ಆಕ್ಷೇಪವು ಉಳಿಯುತ್ತದೆ. ಪ್ರಜಾರಕ್ಷಣೆಯು ರಾಜಧರ್ಮವೆಂಬುದು ನಿಜ. ಆದರೆ ರಕ್ಷಿಸಬೇಕಾದವನೇ ಹಿಂಸಿಸಿದಾಗ ಪ್ರಜೆಯು ಯಾವ ಬಲದಿಂದ 'ಇದು ಸಲ್ಲದು' ಎನ್ನಬೇಕು? ದೊರೆಯ ಧರ್ಮಬುದ್ಧಿಯೊಂದನ್ನೇ ನಂಬಿದ ಪ್ರಜೆ ಆಶ್ರಿತನು. ತನ್ನ ಸಹಜವಾದ ಹಕ್ಕನ್ನು ಅರಿತವನು ಸ್ವತಂತ್ರನು. ಪರಭಾಷೆಯಿಂದ ಬಂದರೂ ಈ ಭೇದವನ್ನು ಕಾಪಾಡುವ ಶಬ್ದವನ್ನು ಕನ್ನಡವು ಕಳೆದುಕೊಳ್ಳಬಾರದು.